ಹಟಮಾರಿ ನೇರಳೆ

ಬಣ್ಣ ಹಾಕಿದ ನಾಲ್ಕನೆಯ ಉಣ್ಣೆ ಲಡಿಯೂ ಕೈಕೊಟ್ಟಿತ್ತು.

ಸೊಸೆ ಅದನ್ನು ಹಗ್ಗದಿಂದ ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಪಕ್ಕದ ಮೊಳೆಯಲ್ಲಿ ಮಾದರಿ ತೂಗುತ್ತಿತ್ತು: ಒಂದು ರಟ್ಟಿನ ಚೂರು, ಅದರ ತೂತಿಗೆ ಉಣ್ಣೆ ಅಂಗಡಿಯಾಕೆ ಕೈಯಾರೆ ಗಂಟು ಹಾಕಿ ಕೊಟ್ಟ ಗೇಣುದ್ದದ ನೇರಳೆ ಎಳೆ. ಹಸಿ ಉಣ್ಣೆ ಒಣಗಿದರೆ ತಿಳಿಯಾಗುತ್ತದೆಂದು ಅವಳಿಗೆ ಗೊತ್ತು. ಅದಕ್ಕೇ ಬಣ್ಣದ ಪುಡಿಯನ್ನು ಒಂದು ಚಿಟಿಕೆ ಹೆಚ್ಚಾಗಿಯೇ ಹಾಕಿದ್ದಳು. ಆದರೂ ಲಡಿ ತಿಳಿ, ಮಾದರಿ ಕಡು. ಹೆಚ್ಚೇನಿಲ್ಲ, ಒಂದೇ ಒಂದು ಛಾಯೆ. ಆ ಒಂದು ಛಾಯೆ ಅವಳ ಪ್ರಾಣ ಹಿಂಡುತ್ತಿತ್ತು.

ಶನಿವಾರದೊಳಗೆ ಮಾದರಿಗೆ ಸರಿಹೊಂದುವ ಲಡಿ ತಂದರೆ ಅಂಗಡಿಯ ಉಣ್ಣೆಗೆಲ್ಲ ಬಣ್ಣ ಹಾಕುವ ಕೆಲಸ ಅವಳದು. ತರದಿದ್ದರೆ ಸೋಮವಾರದಿಂದ ಮತ್ತೆ ಬಟ್ಟೆ ಕಾರ್ಖಾನೆ, ಮತ್ತೆ ಗುಂಡಿ ಹೊಲಿಯುವ ಸಾಲು. ಆ ಸಾಲಿನಲ್ಲಿ ಆರು ವರ್ಷ ಕೂತವಳಿಗೆ ಅದನ್ನು ನೆನೆದರೇ ಬೆನ್ನು ಹಿಡಿಯುತ್ತಿತ್ತು.

"ಇದೂ ಹೋಯ್ತಾ?" ಅತ್ತೆ ಹಿಂದಿನಿಂದ ಬಗ್ಗಿ ನೋಡಿದರು. ದನಿಯಲ್ಲಿ ಕನಿಕರ ತುಂಬಿ ತುಳುಕುತ್ತಿತ್ತು. ಕೈ ಮಾತ್ರ ಆಗಲೇ ಮುಂದಕ್ಕೆ ಚಾಚಿತ್ತು.

"ಹೋಯ್ತು ಅತ್ತೆ. ತಗೊಳ್ಳಿ."

ಅದು ಮನೆಯ ಕರಾರು. ಎದುರು ಮನೆಯಾಕೆ ನಾಲ್ಕು ಬಣ್ಣದ ಶಾಲು ಹೊದ್ದು ಬೀದಿಯುದ್ದಕ್ಕೂ ಮೆರೆದಾಗಿನಿಂದ ಅತ್ತೆಗೂ ಶಾಲಿನ ಚಪಲ ಹತ್ತಿತ್ತು. ಮೊದಲ ದಿನವೇ ಬಂದು ಉಣ್ಣೆ ಕೇಳಿದ್ದರು. ಒಳ್ಳೆಯದು ಅಂಗಡಿಗೆ, ಕೆಟ್ಟದ್ದು ನಿಮಗೆ ಎಂದಿದ್ದಳು ಸೊಸೆ. ಯಾವ ಮಾತಿಗೂ ಒಂದು ಎದುರುಮಾತು ಇಟ್ಟುಕೊಂಡಿರುವ ಅತ್ತೆ ಅಂದು ತುಟಿಪಿಟಕ್ಕೆನ್ನದೆ ಒಪ್ಪಿಬಿಟ್ಟಿದ್ದರು.

ಸೊಸೆ ಮಾಡದ ಉಪಾಯವಿಲ್ಲ. ಬಣ್ಣ ಕಚ್ಚಲೆಂದು ಹಾಕುವ ವಿನಿಗರ್ ಬದಲಾಯಿಸಿದಳು. ನಲ್ಲಿ ನೀರು ಬಿಟ್ಟು ಸೋಸಿದ ನೀರು ಹಿಡಿದಳು. ಗಡಿಯಾರ ಎದುರಿಟ್ಟುಕೊಂಡು ಕಾಯಿಸಿದಳು. ಸಲ ಸಲಕ್ಕೂ ಒಂದೊಂದು ಚಿಟಿಕೆ ಪುಡಿ ಹೆಚ್ಚಿಸಿ, ಹಾಕಿದ ಪ್ರತಿ ಚಿಟಿಕೆಯನ್ನೂ ಪುಸ್ತಕದಲ್ಲಿ ಬರೆದಿಟ್ಟಳು. ನೇರಳೆ ಎಂದರೆ ಕೆಂಪು ನೀಲಿಗಳ ಕೂಡುಸಂಸಾರ. ಕೆಂಪು ಮೊದಲೇ ಓಡಿಹೋಗಿ ಉಣ್ಣೆಯನ್ನು ಹಿಡಿಯುತ್ತದೆ, ನೀಲಿ ಬಾಗಿಲಲ್ಲೇ ಮುನಿಸಿಕೊಂಡು ನಿಲ್ಲುತ್ತದೆ. ಕಾಯಿಸಿ ಕಾಯಿಸಿ ಅದನ್ನು ಒಳಗೆ ಕರೆಯುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಎಷ್ಟು ಕರೆದರೂ ಪಾತ್ರೆಯ ತಳದಲ್ಲಿ ಒಂದಿಷ್ಟು ಬಣ್ಣ ಉಳಿದೇ ಉಳಿಯುತ್ತಿತ್ತು.

"ಈ ಬಣ್ಣಕ್ಕೆ ನನ್ನ ಮೇಲೆ ಏನೋ ಹಗೆ ಇದೆ ಅತ್ತೆ."

"ಹಗೆಯೂ ಇಲ್ಲ, ಗಿಗೆಯೂ ಇಲ್ಲ. ತಾಳಿದವನು ಬಾಳಿಯಾನು ಅಂತಾರೆ. ಇವತ್ತು ಇನ್ನೊಂದು ಹಾಕು."

ಸಹಾಯಕ್ಕೂ ಅತ್ತೆ ಹಿಂದೆ ಬೀಳಲಿಲ್ಲ. ಸಂಜೆ ಅವಳು ಲಡಿಯನ್ನು ಪಾತ್ರೆಯಿಂದ ಎತ್ತುತ್ತಿದ್ದಂತೆ, "ನೀನು ಹೋಗಿ ಜಾಲಿಸ್ಕೊಂಡು ಬಾ, ಒಲೆ ನಾನು ನೋಡ್ಕೋತೀನಿ" ಎನ್ನುತ್ತಿದ್ದರು. ಅವರು ನೋಡಿಕೊಂಡ ಒಲೆ ಆರುವುದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ವಯಸ್ಸಾಯಿತು, ಮರೆವು ಎಂದುಕೊಂಡಳು ಸೊಸೆ. ಒಮ್ಮೆ ಮಾದರಿಯ ರಟ್ಟಿನ ಅಂಚು ತೇವವಾಗಿತ್ತು. ಆವಿ ತಾಗಿರಬೇಕು ಎಂದರು ಅತ್ತೆ. ಅಡುಗೆಮನೆಯಲ್ಲಿ ಆವಿಯಿದ್ದದ್ದೇನೋ ನಿಜ.

ಐದನೆಯದು ಹೋಯಿತು. ಆರನೆಯದೂ ಹೋಯಿತು. ಸೊಸೆ ಅತ್ತೇಬಿಟ್ಟಳು.

ಶುಕ್ರವಾರ ಸಂಜೆ ಏಳನೆಯದು. ಅಂದು ಅತ್ತೆ ಅಡುಗೆಮನೆಗೆ ತಲೆ ಹಾಕಲಿಲ್ಲ. ಶಾಲಿನ ಕೊನೆಯ ಪಟ್ಟೆ ಹೆಣೆದು ಮುಗಿಸುವ ಗಡಿಬಿಡಿ. ಒಲೆಯನ್ನು ಸೊಸೆಯೇ ಆರಿಸಿದಳು.

ಶನಿವಾರ ಬೆಳಗ್ಗೆ ಒಣಗಿದ ಲಡಿಯನ್ನು ಮಾದರಿಯ ಪಕ್ಕ ಹಿಡಿದವಳಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಯಾವುದು ಎಳೆ, ಯಾವುದು ಲಡಿ ಎಂದು ಹೇಳುವಂತಿರಲಿಲ್ಲ. ಸಂತೋಷ ತಡೆಯದೆ ಅತ್ತೆಯನ್ನು ತಬ್ಬಿಕೊಂಡಳು. ಹೊಸ ಶಾಲು ಹೊದ್ದು ಅತ್ತೆಯೂ ಜೊತೆಗೆ ಹೊರಟರು.

ಅಂಗಡಿಯಾಕೆ ಲಡಿಯನ್ನು ಮೇಜಿನ ಮೇಲಿಟ್ಟು, ಮಾದರಿಯ ಎಳೆ ಕತ್ತರಿಸಿದ ತನ್ನ ಉಣ್ಣೆ ಉಂಡೆಯನ್ನು ಕಪಾಟಿನಿಂದ ತೆಗೆದು ಪಕ್ಕಕ್ಕಿಟ್ಟಳು. ಹುಬ್ಬು ಮೇಲೇರಿತು.

"ಇದು ಎಲ್ಲಿ, ಅದು ಎಲ್ಲಿ? ಎಷ್ಟೊಂದು ಕಡು ಆಗಿದೆಯಲ್ಲ."

ಸೊಸೆ ಚೀಲದಿಂದ ಮಾದರಿ ತೆಗೆದು ಮುಂದಿಟ್ಟಳು. ಅಂಗಡಿಯಾಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಗಂಟು ನನ್ನದೇ. ಆದರೆ ನಾನು ಕೊಟ್ಟ ಬಣ್ಣ ಇದಲ್ಲ."

ಗುಂಡಿ ಹೊಲಿಯುವ ಸಾಲು ಸೊಸೆಯ ಕಣ್ಣಮುಂದೆ ಬಂದು ನಿಂತಿತು. ಅಷ್ಟರಲ್ಲಿ ಅಂಗಡಿಯಾಕೆಯ ನೋಟ ಅತ್ತೆಯ ಹೆಗಲಿಗೆ ಅಂಟಿಕೊಂಡಿತು. ಆರು ಪಟ್ಟೆಯ ಶಾಲು. ಅಂಚಿನಿಂದ ಅಂಚಿಗೆ ಒಂದೊಂದೇ ಮೆಟ್ಟಿಲು ಇಳಿದಂತೆ ಕಡುವಾಗುತ್ತ ಹೋದ ಆರು ನೇರಳೆ. ಅಂಗಡಿಯಾಕೆ ಉಂಡೆಯನ್ನು ಮೊದಲ ಪಟ್ಟೆಗೆ ಒತ್ತಿ ಹಿಡಿದಳು. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸೊಸೆಯತ್ತ ತಿರುಗಿದಳು.

"ನನ್ನ ಬಣ್ಣ ಇಲ್ಲೇ ಇದೆಯಲ್ಲ. ಮಿಕ್ಕ ಐದೂ ನಿಮ್ಮದೇ ಕೈಯಾ? ಇಷ್ಟು ಸಣ್ಣ ಸಣ್ಣ ಅಂತರದಲ್ಲಿ ನೇರಳೆ ಹಾಕೋರನ್ನ ನಾನು ನೋಡೇ ಇಲ್ಲ. ಆರೂ ಬೇಕು ನನಗೆ. ಮತ್ತೆ ಹೀಗೇ ಬರುತ್ತಾ?"

"ಬರುತ್ತೆ," ಎಂದಳು ಸೊಸೆ. "ಎಲ್ಲ ಬರೆದಿಟ್ಟಿದೀನಿ."

ಕೆಲಸ ಸಿಕ್ಕಿತು. ಬೀದಿಗಿಳಿದ ಮೇಲೂ ಅವಳ ತಲೆ ಮಾತ್ರ ಗಿರ್ರೆನ್ನುತ್ತಿತ್ತು.

"ಮೊದಲನೇ ದಿನದ್ದೇ ಸರಿಯಾಗಿತ್ತಲ್ಲ ಅತ್ತೆ. ಮತ್ತೆ ಆ ಮಾದರಿ ಹೇಗೆ ಕಡು ಆಯ್ತು?"

ಅತ್ತೆ ಶಾಲನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು, ಎದುರು ಮನೆಯಾಕೆಯ ಬಾಗಿಲು ತೆರೆದಿದೆಯೇ ಎಂದು ದೂರದಿಂದಲೇ ಇಣುಕಿದರು.

"ನೀನು ಜಾಲಿಸೋಕೆ ಹೋದಾಗಲೆಲ್ಲ ಆ ಎಳೇನ ಪಾತ್ರೆಯಲ್ಲಿ ಮಿಕ್ಕ ಬಣ್ಣಕ್ಕೆ ಒಂದ್ಸಲ ಇಳಿಬಿಡ್ತಿದ್ದೆ ಕಣಮ್ಮ, ಇಲ್ಲದಿದ್ರೆ ನೀನು ಮೊದಲನೇ ದಿನವೇ ಗೆದ್ದು ಕೂತಿರ್ತಿದ್ದೆ, ನನಗೆ ಒಂದು ಲಡೀನೂ ಸಿಗ್ತಿರಲಿಲ್ಲ."