ಏರಿಯ ಬುಡದ ಜೊಂಡು

"ಇಲ್ಲಿ ಜೊಂಡು ಬೆಳೆದಿತ್ತು," ಎಂದಳು ಟೆಸ್ಸಾ, ಕೆಸರಿನಲ್ಲಿ ಹೂತ ಬೂಟನ್ನು ಕಿತ್ತುಕೊಳ್ಳುತ್ತ. "ಯಾರೋ ಬುಡಕ್ಕೇ ಕುಯ್ದಿದಾರೆ."

ವೆಂಡೆಲ್ ಸ್ಟ್ರೌಪ್ ಟೋಪಿ ತೆಗೆದು ನೆತ್ತಿ ಒರೆಸಿಕೊಂಡ. ಕುಯ್ದವನು ಅವನೇ, ಅದೂ ನಿನ್ನೆ ಸಂಜೆ. ಕೆರೆ ಸರ್ಕಾರದ್ದಲ್ಲ. ದೋಣಿ ಬಿಡುವುದಕ್ಕೆ, ಈಜುವುದಕ್ಕೆ, ಗಾಳ ಹಾಕಿ ಕೂರುವುದಕ್ಕೆ ಅಂತ ಸುತ್ತಲಿನ ನಲವತ್ತೆರಡು ಮನೆಯವರು ಸೇರಿ ಇಟ್ಟುಕೊಂಡದ್ದು. ಅದರ ಮಣ್ಣಿನ ಏರಿಯ ಹುಲ್ಲು ಕತ್ತರಿಸುವುದು ಇಪ್ಪತ್ತೊಂದು ವರ್ಷದಿಂದ ವೆಂಡೆಲ್‌ನ ಪಾಲಿಗೆ ಬಂದ ಕೆಲಸ. ಐದು ವರ್ಷಕ್ಕೊಮ್ಮೆ ಓಹಿಯೋ ರಾಜ್ಯದ ಇಂಜಿನಿಯರ್ ಒಬ್ಬರು ಬಂದು ಏರಿಯನ್ನು ನೋಡಿ ಹೋಗುತ್ತಾರೆ. ಈ ಸಲ ಬಂದ ಟೆಸ್ಸಾ ಮಗಳ ವಯಸ್ಸಿನವಳು, ಆದರೆ ಕಣ್ಣು ಮಾತ್ರ ಹದ್ದಿನದು.

"ಆಗಸ್ಟ್ ತಿಂಗಳು, ಗುಡ್ಡದ ಹುಲ್ಲೆಲ್ಲ ಸುಟ್ಟು ಹೋಗಿದೆ. ಇಷ್ಟು ಜಾಗ ಮಾತ್ರ ಹಸಿರು ಯಾಕೆ, ಸ್ಟ್ರೌಪ್ ಅವರೇ?"

"ನೆರಳಿಗೆ ಇರ್ಬೇಕು."

"ಯಾವ ಮರದ ನೆರಳು? ಒಂದಾದ್ರೂ ತೋರ್ಸಿ ನೋಡೋಣ."

ತೋರಿಸಲು ಮರವೆಲ್ಲಿತ್ತು? ಏರಿಯ ಮೇಲೆ ಒಂದು ಗಿಡವೂ ತಲೆಯೆತ್ತದಂತೆ ನೋಡಿಕೊಂಡವನು ಅವನೇ. ಟೆಸ್ಸಾ ಮಂಡಿಯೂರಿ, ಬುಡದಲ್ಲಿ ಜಿನುಗುತ್ತಿದ್ದ ನೀರನ್ನು ಗಾಜಿನ ಶೀಶೆಗೆ ತುಂಬಿಸಿ, ತನ್ನ ಪಿಕಪ್ ಗಾಡಿಯ ಮೂತಿಯ ಮೇಲಿಟ್ಟಳು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ತಳದಲ್ಲಿ ಒಂದು ಬೆರಳು ದಪ್ಪ ಮಣ್ಣು ಕೂತಿತು.

"ತಿಳಿನೀರು ಒಸರಿದ್ರೆ ನಾನು ತಲೆ ಕೆಡಿಸ್ಕೋತಿರ್ಲಿಲ್ಲ. ಮಣ್ಣಿನ ಏರಿ ಅಂದ್ಮೇಲೆ ಒಂಚೂರು ಒಸರತ್ತೆ. ಇದು ಮಣ್ಣು ಹೊತ್ಕೊಂಡು ಬರ್ತಿದೆ. ಏರಿ ಒಳಗಿಂದ ಕರಗ್ತಾ ಇದೆ. ಎಷ್ಟು ದಿನ ಆಯ್ತು ಹೀಗಾಗಿ?"

ಎಷ್ಟು ದಿನವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಜೊಂಡು ತಲೆಯೆತ್ತಿದ ವಾರವೇ ಡಾಕ್ಟರು ಅವನ ಹೆಂಡತಿ ಮಾರ್ಲಿಸ್‌ಗೆ ಇನ್ನು ಒಂದು ಬೇಸಿಗೆ ಎಂದಿದ್ದರು. ಅವಳು ಬೆಳಗಾದರೆ ದೋಣಿ ಕಟ್ಟುವ ಹಲಗೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಕತ್ತಲಾಗುವವರೆಗೆ ನೀರು ನೋಡುತ್ತ ಕೂರುವಳು. "ಈ ನೀರೊಂದು ಕಣ್ಮುಂದೆ ಇದ್ರೆ ಸಾಕು ಕಣೋ, ನಿನ್ನ ಮುಖ ನೋಡಿ ನೋಡಿ ಬೇಜಾರಾಗಿದೆ," ಎಂದು ನಗುವಳು. ಒಸರಿನ ಸುದ್ದಿ ಬಾಯಿ ಬಿಟ್ಟರೆ ಕೆರೆ ಬರಿದು ಮಾಡಿಸುತ್ತಾರೆ, ಅವಳ ಕಣ್ಣೆದುರು ಉಳಿಯುವುದು ಕೆಸರು, ಕೊಳೆತ ಬೊಡ್ಡೆ. ಇದೊಂದು ಬೇಸಿಗೆ ಕಳೆಯಲಿ ಎಂದುಕೊಂಡು ಕುಡುಗೋಲು ಹಿಡಿದ. ಮಾರ್ಲಿಸ್ ಹಟಮಾರಿ, ಒಂದರ ಬದಲು ಮೂರು ಬೇಸಿಗೆ ಬದುಕಿದಳು. ಈ ಮಾರ್ಚ್‌ನಲ್ಲಿ ಹೋದಳು. ಆಮೇಲೆ ಹೇಳಲು ಅವನಿಗೇನು ಅಡ್ಡಿಯಿತ್ತು? ಏನೂ ಇರಲಿಲ್ಲ. ಹೇಳಿದೊಡನೆ ಜನರೂ ಎಷ್ಟು ದಿನ ಆಯ್ತು ಎಂದೇ ಕೇಳುತ್ತಾರೆಂದು ಗೊತ್ತಿತ್ತು, ಅಷ್ಟೇ. ಅದಕ್ಕೆ ಹೆದರಿ ಇನ್ನೂ ಐದು ತಿಂಗಳು ಜೊಂಡು ಕುಯ್ದ. ಹೆಂಡತಿಗಾಗಿ ಮುಚ್ಚಿಟ್ಟದ್ದನ್ನು ಅವನು ಹೇಗೋ ನುಂಗಿಕೊಂಡಾನು, ಈ ಐದು ತಿಂಗಳನ್ನು ಮಾತ್ರ ನುಂಗಲಾರ.

"ಮೂರು ವರ್ಷ," ಎಂದ.

ಟೆಸ್ಸಾ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಇವತ್ತೇ ತೂಬು ತೆಗೀಬೇಕು. ನೀರು ಇಳಿಯೋವರೆಗೂ ಕೆಳಗಡೆ ಯಾರೂ ಇರೋ ಹಾಗಿಲ್ಲ. ಆ ತಗ್ಗಿನ ಟ್ರೇಲರ್ ಮನೇಲಿ ಯಾರಿದಾರೆ?"

"ಶೆಲ್ಬಿ ಅಂತ. ಅವಳು, ಅವಳ ಮಗಳು, ಇಬ್ರೇ."

"ನಾನು ಹೋಗಿ ಹೇಳ್ತೀನಿ."

"ಬೇಡಮ್ಮ. ನಾನೇ ಹೋಗ್ಬೇಕು."

ಶೆಲ್ಬಿ ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಮಾರ್ಲಿಸ್ ತೀರಿಕೊಂಡಾಗ ವಾರವಿಡೀ ಅಡುಗೆ ಮಾಡಿ ಏರಿ ಹತ್ತಿ ತಂದುಕೊಟ್ಟವಳು ಇವಳು.

"ಬನ್ನಿ ಬನ್ನಿ, ಮಿಸ್ಟರ್ ವೆಂಡೆಲ್! ಟೊಮ್ಯಾಟೊ ತಗೊಂಡು ಹೋಗ್ಲೇಬೇಕು ನೀವು. ಗಿಡ ಹುಚ್ಚು ಹಿಡಿದ ಹಾಗೆ ಬಿಟ್ಟಿದೆ, ನಮ್ಮಲ್ಲಿ ತಿನ್ನೋರಿಲ್ಲ."

"ಶೆಲ್ಬಿ, ಬೇಕಾದ್ದಷ್ಟೇ ಕಟ್ಕೊಂಡು ಈಗ್ಲೇ ನಿಮ್ಮಮ್ಮನ ಮನೆಗೆ ಹೊರಡು. ಏರಿ ಸೋರ್ತಿದೆ. ಕೆರೆ ಖಾಲಿ ಮಾಡಿಸ್ತಿದಾರೆ."

ಅವಳ ಕೈಯ ಬಟ್ಟೆ ಮಡಿಲಿಗೆ ಬಿತ್ತು. "ಅಯ್ಯೋ ದೇವ್ರೇ," ಎಂದಳು. ಆಮೇಲೆ ಎದ್ದು ಬಂದು ಅವನ ತೋಳು ಹಿಡಿದುಕೊಂಡಳು. "ನಮ್ಮಮ್ಮ ಬಡ್ಕೋತಾನೇ ಇದ್ಲು, ಆ ಗುಂಡೀಲಿ ಮನೆ ಬೇಡ ಅಂತ. ಮಳೆ ಜೋರಾದಾಗೆಲ್ಲ ಫೋನ್ ಮಾಡೋಳು. ನಾನು ಹೇಳ್ತಿದ್ದೆ, ಮೇಲ್ಗಡೆ ವೆಂಡೆಲ್ ಇದಾರೆ ಕಣಮ್ಮ, ಏನಾದ್ರೂ ಕಂಡ್ರೆ ಆ ಕ್ಷಣಕ್ಕೇ ಓಡಿ ಬರ್ತಾರೆ, ನೀನು ಸುಮ್ನೆ ಮಲಕ್ಕೋ ಅಂತ. ಪುಣ್ಯಾತ್ಮರು, ಬಂದ್ರಿ ನೋಡಿ!"

ಅಷ್ಟಕ್ಕೇ ತಲೆಯಾಡಿಸಿ ಹೊರಟುಬಿಡಬಹುದಿತ್ತು. ಹೊರಟುಬಿಡು ಎಂದು ಅವನೊಳಗಿನಿಂದ ಯಾರೋ ಹೇಳುತ್ತಲೂ ಇದ್ದರು. ಆದರೆ ಅವಳ ಕೈ ಇನ್ನೂ ಅವನ ತೋಳಿನ ಮೇಲಿತ್ತು.

"ನಂಗೆ ಇವತ್ತು ಗೊತ್ತಾಗಿದ್ದಲ್ಲ, ಶೆಲ್ಬಿ. ಮೂರು ವರ್ಷದಿಂದ ಗೊತ್ತಿತ್ತು."

ಶೆಲ್ಬಿ ಕೈ ತೆಗೆದಳು. ಬಟ್ಟೆಯ ಬುಟ್ಟಿಯಲ್ಲಿ ಕೂತು ಆಡುತ್ತಿದ್ದ ಮಗಳನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ಏರಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಇವಳಿಗೆ ಮುಂದಿನ ತಿಂಗಳು ಮೂರು ತುಂಬತ್ತೆ," ಎಂದಳು.