ತಾತ ಗರಿ ಕಟ್ಟಿದ ಬಾಣಗಳು

ಹೇರ್ ಸ್ಪ್ರೇ ವಾಸನೆ ಬಂದರೆ ಇವತ್ತಿಗೂ ನನಗೆ ಸಿಂಗಪುರದ ಪುಂಗೋಲ್‌ನ ಆ ಮಳೆಯ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಹನ್ನೊಂದು ವರ್ಷ. ಮೈಸೂರಿನಿಂದ ಬಂದಿದ್ದ ತಾತ, ವಾರವಿಡೀ ಕೂತು ನನ್ನ ಆರ್ಚರಿ ಕ್ಲಾಸಿಗೆಂದು ಆರು ಬಾಣಗಳಿಗೆ ಬಾತುಕೋಳಿಯ ಗರಿ ಕಟ್ಟಿದ್ದರು. ಟೆಸ್ಟ್ ದಿನವೇ ಮಳೆ ಹಿಡಿಯಿತು. ಗರಿ ನೆನೆದು ಮುದುಡಿದರೆ ಬಾಣ ನೇರ ಹೋಗುವುದಿಲ್ಲ, ಪ್ಲಾಸ್ಟಿಕ್ ರೆಕ್ಕೆಯ ಬಾಣ ತೆಗೆದುಕೊಳ್ಳಲಿ ಎಂದು ಕೋಚ್ ಅಮ್ಮನಿಗೆ ಫೋನ್ ಮಾಡಿದರು.

"ಸುಮ್ನೆ ಕೋಚ್ ಕೊಡೋದೇ ಯೂಸ್ ಮಾಡೇ. ಎಲ್ರೂ ನಗ್ತಾರೆ," ಎಂದಳು ಅಮ್ಮ.

"ನಗ್ಲಿ ಲಾ. ನಾನು ತಾತಂದೇ ಹೊಡೆಯೋದು," ಎಂದೆ, ಅಲ್ಲಿಯ ಮಕ್ಕಳಂತೆ 'ಲಾ' ಸೇರಿಸಿ.

ತಾತ ಅಮ್ಮನ ಹೇರ್ ಸ್ಪ್ರೇ ತಂದು ಒಂದೊಂದು ಗರಿಗೂ ಹೊಡೆದರು. ರೇಷ್ಮೆಯಂತಿದ್ದ ಗರಿ ಒಣಗಿ ಗರಿಗರಿಯಾಯಿತು. ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ, "ನೆನೆಯೋಕ್ ಮುಂಚೆ ನೋಡ್ಕೋಬೇಕು ಪುಟ್ಟಿ. ಒಂದೊಂದೇ ತೆಗಿ," ಎಂದರು.

ಮೈದಾನದಲ್ಲಿ ಕೋಚ್ ಬೇಡವೆಂದು ತಲೆಯಾಡಿಸಿದರು. ಸಾಲಿನಲ್ಲಿದ್ದವರು ನಕ್ಕರು. ನಾನು ಚೀಲದಿಂದ ಒಂದೊಂದೇ ಬಾಣ ತೆಗೆದು ಬಿಟ್ಟೆ. ಮೊದಲ ಐದೂ ಗುರಿಹಲಗೆಗೆ ನಾಟಿದವು. ಅಷ್ಟರಲ್ಲಿ ಮಳೆ ರಭಸವಾಯಿತು.

"ಸಾಕು, ಪಾಸ್," ಎಂದು ಕೋಚ್ ಇಂಗ್ಲಿಷಿನಲ್ಲಿ ಕೂಗಿದರು.

"ಇನ್ನೊಂದಿದೆ!" ಎಂದು ನಾನೂ ಕೂಗಿ ಆರನೆಯದನ್ನು ಕೈಗೆತ್ತಿಕೊಂಡೆ. ಹಿಂದೆ ನಿಂತು ನೋಡುತ್ತಿದ್ದ ಅಮ್ಮ ಚಪ್ಪಲಿ ಬಿಟ್ಟು ಕೆಸರಲ್ಲೇ ಓಡಿಬಂದಳು. ತಡೆಯುತ್ತಾಳೆಂದುಕೊಂಡೆ. ಅವಳು ಕೊಡೆ ಬಿಚ್ಚಿ, ತಾನು ತೊಯ್ದು ತೊಪ್ಪೆಯಾಗುತ್ತ, ಬಾಣದ ಗರಿಯ ಮೇಲೆ ಹಿಡಿದಳು.

"ಹೊಡಿ," ಎಂದಳು.