ಪೌಂಡ್ ಏರಿದ ತಿಂಗಳು

ಜುಲೈ ತಿಂಗಳ ಸಂಬಳದ ಪಟ್ಟಿಯಲ್ಲಿ ಆನ್ಸಿಯ ಹೆಸರಿನ ಮುಂದೆ ಎಪ್ಪತ್ತು ದಿನಾರ್ ವಿನಿಮಯ ಭತ್ಯೆ ಸೇರಿಸಬೇಕಾಗಿ ಬಂದಾಗ ಪೌಲಿನ್‌ಳ ಬೆರಳು ಕೀಬೋರ್ಡಿನ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತು. ಸಾವಿರ ಫಿಲ್ಸ್ ಸೇರಿದರೆ ಒಂದು ದಿನಾರ್; ಜನವರಿಯಲ್ಲಿ ನಾನೂರ ಅರವತ್ತು ಫಿಲ್ಸ್‌ಗೆ ಸಿಗುತ್ತಿದ್ದ ಒಂದು ಪೌಂಡ್ ಈಗ ಐನೂರು ದಾಟಿತ್ತು. ಬ್ರಿಟನ್ನಿನಿಂದ ಬಂದ ನೌಕರರು ಮನೆಗೆ ಕಳಿಸುವ ಹಣ ಇದರಿಂದ ಕಡಿಮೆಯಾಗಬಾರದೆಂದು ಕಂಪನಿ ಅವರ ಸಂಬಳದ ಅರ್ಧ ಭಾಗಕ್ಕೆ ಆಗುವ ವಿನಿಮಯ ನಷ್ಟವನ್ನು ತುಂಬಿಕೊಡುತ್ತಿತ್ತು. ಮನಾಮಾದ ಹಳೆ ಸೂಕ್ ಮಾರುಕಟ್ಟೆಯ ಪಕ್ಕದ ಆ ಹಡಗು ಏಜೆನ್ಸಿಗೆ ಇದು ಹೊಸ ನಿಯಮವೇನಲ್ಲ. ಬಹ್ರೇನಿನಲ್ಲಿ ರೂಪಾಯಿ ನಡೆಯುತ್ತಿದ್ದ ಬ್ರಿಟಿಷರ ಕಾಲದಲ್ಲಿ, ರೂಪಾಯಿ ಬಿದ್ದಾಗ ಇಂಗ್ಲಿಷ್ ಅಧಿಕಾರಿಗಳಿಗೆ ತೊಂದರೆಯಾಗದಿರಲಿ ಎಂದು ಬರೆದದ್ದು. ಆಮೇಲೆ ಅದರಲ್ಲಿ ನಾಣ್ಯದ ಹೆಸರೊಂದು ಬದಲಾಗಿತ್ತು, ಅಷ್ಟೆ. ಒಮ್ಮೆ ಭಾರತದ ನೌಕರರು ತಮಗೂ ಹೀಗೊಂದು ಭತ್ಯೆ ಬೇಕೆಂದು ಕೇಳಿದ್ದರು. ನಿಮ್ಮ ರೂಪಾಯಿ ಬಿದ್ದಷ್ಟೂ ನಿಮಗೆ ಲಾಭ, ಆ ಲಾಭವನ್ನು ಕಂಪನಿ ವಾಪಸು ಕೇಳುತ್ತಿಲ್ಲವಲ್ಲ ಎಂದು ಜನರಲ್ ಮ್ಯಾನೇಜರ್ ನಕ್ಕಿದ್ದರು. ಅದು ಸರಿಯೆಂದೇ ಪೌಲಿನ್‌ಗೂ ಕಂಡಿತ್ತು.

ಭತ್ಯೆ ಪಡೆಯುವವರು ನಾಲ್ವರು. ಮೂವರು ಇಂಗ್ಲಿಷರು. ನಾಲ್ಕನೆಯವಳು ಆನ್ಸಿ. ಮಂಗಳೂರಿನಲ್ಲಿ ಪೌಲಿನ್‌ಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಬಿ.ಕಾಂ. ಓದಿದವಳು, ಪೌಲಿನ್‌ಳ ನೋಟ್ಸ್ ಇಲ್ಲದಿದ್ದರೆ ಪಾಸಾಗುವುದೇ ಕಷ್ಟವಿದ್ದವಳು. ಪೌಲಿನ್ ಸೀದಾ ಬಹ್ರೇನಿಗೆ ಬಂದು ಈ ಕುರ್ಚಿಯಲ್ಲಿ ಕೂತು ಹತ್ತೊಂಬತ್ತು ವರ್ಷವಾಗಿತ್ತು. ಆನ್ಸಿ ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರಿಗೆ ಹೋಗಿ, ಅಲ್ಲಿನ ಪಾಸ್‌ಪೋರ್ಟ್ ಪಡೆದು, ಗಂಡನಿಂದ ಬೇರೆಯಾಗಿ, ಎರಡು ವರ್ಷದ ಹಿಂದೆ ಇದೇ ಕಂಪನಿಗೆ ಬಂದಿದ್ದಳು. ಪೌಲಿನ್‌ಗೆ ಸಿಗುವುದರ ಮೂರರಷ್ಟು ಸಂಬಳ, ಕಿಟಕಿಯಿರುವ ಕ್ಯಾಬಿನ್. ದಿನಾ ಸಂಜೆ ತನ್ನ ಕಾರಿನಲ್ಲೇ ಪೌಲಿನ್‌ಳನ್ನು ಮಾಹೂಝ್‌ನ ಫ್ಲ್ಯಾಟಿಗೆ ಬಿಡುತ್ತಿದ್ದಳು. ಪೌಲಿನ್ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದಳು. ಮೆಟ್ಟಿಲು ಹತ್ತುವಾಗ ಮಾತ್ರ ಇಬ್ಬರ ಸಂಬಳದ ಅಂತರವನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದಳು.

ಆ ತಿಂಗಳ ಸಂಬಳವಾದ ದಿನ ಆನ್ಸಿ ಇಡೀ ಆಫೀಸಿಗೆ ಬಿರಿಯಾನಿ ತರಿಸಿದಳು. ಇದು ಪೌಂಡ್ ಏರಿದ ಲೆಕ್ಕದಲ್ಲಿ ಎಂದು ನಗುತ್ತ ಎಲ್ಲರಿಗೂ ಬಡಿಸಿದಳು. ಪೌಲಿನ್‌ಳ ತಟ್ಟೆಗೆ ದೊಡ್ಡ ತುಂಡನ್ನೇ ಹುಡುಕಿ ಹಾಕಿದಳು. ಸಂಜೆ ಕಾರಿನಲ್ಲಿ, ಲೆಸ್ಟರಿನ ಮನೆ ಮಾರಿ ಗಂಡನೊಂದಿಗೆ ಪಾಲು ಮಾಡಿಕೊಂಡದ್ದನ್ನು ಹೇಳಿದಳು. ಈಗ ಕಳಿಸುವ ಹಣವೆಲ್ಲ ಮಂಗಳೂರಿನ ಬಿಜೈಯಲ್ಲಿ ಏಳುತ್ತಿರುವ ಫ್ಲ್ಯಾಟಿಗೆ ಹೋಗುತ್ತದಂತೆ.

"ಲೆಸ್ಟರಿನಲ್ಲಿ ನನ್ನದು ಅಂತ ಒಂದು ಚಮಚವೂ ಇಲ್ಲ ಈಗ. ಯಾರತ್ರವೂ ಹೇಳಿಲ್ಲ, ನಿನ್ನತ್ರ ಮಾತ್ರ ಹೇಳಿದ್ದು," ಎಂದಳು.

ಪೌಲಿನ್ ಅವಳ ಕೈ ಅದುಮಿ ಸಮಾಧಾನ ಹೇಳಿದಳು. ಮರುದಿನ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು ನಿಯಮಗಳ ಪುಸ್ತಕ ತೆಗೆದಳು. 'ಬ್ರಿಟನ್ನಿನಲ್ಲಿ ಮನೆ ನಡೆಸುತ್ತಿರುವವರಿಗೆ ಮಾತ್ರ' ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಆನ್ಸಿಯ ಭತ್ಯೆಯ ಬಗ್ಗೆ ತನಗೊಂದು ಸಣ್ಣ ಸಂಶಯ ಬಂದಿದೆ, ಸ್ಪಷ್ಟನೆ ಬೇಕು ಎಂದು ಬಹಳ ವಿನಯದ ಮೇಲ್ ಬರೆದು ಜನರಲ್ ಮ್ಯಾನೇಜರಿಗೆ ಕಳಿಸಿದಳು. ಅವರು ಅದನ್ನು ಲಂಡನ್ನಿನ ಮುಖ್ಯ ಕಚೇರಿಗೆ ಕಳಿಸಿದರು.

ಹತ್ತು ದಿನಕ್ಕೆ ಉತ್ತರ ಬಂತು. ಆನ್ಸಿಯ ಭತ್ಯೆ ನಿಂತಿತು. ಮನೆ ಮಾರಿದಂದಿನಿಂದ ಕೊಟ್ಟದ್ದನ್ನು ಕಂತಿನಲ್ಲಿ ಸಂಬಳದಿಂದ ಹಿಡಿಯಬೇಕೆಂದೂ ಅದರಲ್ಲಿತ್ತು. ಆ ಕಾಗದವನ್ನು ಪೌಲಿನ್ ಎರಡು ಸಲ ಓದಿದಳು. ತಿಂಗಳುಗಳಿಂದ ಎದೆಯಲ್ಲಿ ಇಟ್ಟಿದ್ದ ಕಲ್ಲು ಇಳಿದಂತಾಯಿತು. ಆ ಮಧ್ಯಾಹ್ನ ಊಟವೂ ರುಚಿಸಿತು.

ಮೂರು ಗಂಟೆಗೆ ಆನ್ಸಿ ಸಹಿ ಹಾಕಲು ಬಂದಳು. ಕೂಗಾಡಲಿಲ್ಲ. ಎದುರಿನ ಕುರ್ಚಿ ಎಳೆದು ಕೂತು ಕಾಗದ ಪೂರ್ತಿ ಓದಿದಳು. ಬಿಜೈಯ ಕಂತು ಮುಂದಿನ ತಿಂಗಳಿನಿಂದ ಹೇಗೆ ಕಟ್ಟುವುದೋ ಗೊತ್ತಿಲ್ಲ ಎಂದು ತನಗೇ ಹೇಳಿಕೊಂಡಂತೆ ಅಂದಳು. ಆಮೇಲೆ ತಲೆಯೆತ್ತಿದಳು.

"ಬರೆದದ್ದು ನೀನೇ ಅಂತ ಗೊತ್ತುಂಟು ಪೌಲಿನ್. ಬೇರೆ ಯಾರಿಗೂ ಗೊತ್ತೇ ಇರಲಿಲ್ಲ."

"ನಿಯಮದಲ್ಲಿ ಇದ್ದದ್ದನ್ನು ಕೇಳಿದೆ, ಅಷ್ಟೇ," ಎಂದಳು ಪೌಲಿನ್, ಪರದೆಯಿಂದ ಕಣ್ಣು ತೆಗೆಯದೆ.

"ಸರಿ. ಮ್ಯಾನೇಜರ್ ಇಂಗ್ಲೆಂಡಿನ ಮನೆ ಮಾರಿ ಆರು ವರ್ಷ ಆಯ್ತು. ಹೆಂಡತಿ ಇರುವುದು ಪೋರ್ಚುಗಲ್‌ನಲ್ಲಿ. ಅವರ ಟಿಕೆಟ್ ಬುಕ್ ಮಾಡುವುದು ನೀನೇ ಅಲ್ವಾ? ಅವರಿಗೆ ತಿಂಗಳಿಗೆ ಇನ್ನೂರು ದಿನಾರ್ ಭತ್ಯೆ ಹಾಕುವುದೂ ನೀನೇ. ಅವರ ಬಗ್ಗೆ ಯಾಕೆ ಕೇಳಲಿಲ್ಲ?"

ಪೌಲಿನ್‌ಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅದೆಲ್ಲ ಗೊತ್ತಿದ್ದದ್ದೇ. ಆದರೆ ಆ ಇನ್ನೂರನ್ನು ಒತ್ತುವಾಗ ಅವಳ ಬೆರಳು ಒಂದು ಸಲವೂ ನಿಂತಿರಲಿಲ್ಲ.

"ಅವರದ್ದು ಬೇರೆ," ಎಂಬ ಮಾತು ಯೋಚಿಸುವ ಮೊದಲೇ ಅವಳ ಬಾಯಿಂದ ಹೊರಬಿತ್ತು. "ಅವರು ಇಂಗ್ಲಿಷರಲ್ವಾ."

ಆನ್ಸಿ ಕಾಗದವನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ಪೆನ್ನು ಕೇಳಿ, ತನ್ನ ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಪೂರ್ತಿ ಹೆಸರು ಬರೆದು, ಕೆಳಗೆ ಸಹಿ ಹಾಕಿದಳು.